ಕೆಲಸ ಹಂಚಬೇಡಿ, ಮಡಿ ಹಂಚಿ: ಮನೆಮಂದಿಯನ್ನು ಕಾಯಿಪಲ್ಲೆ ಹೊಲಕ್ಕೆ ಕರೆತರುವ ಬಗೆ

ಹುಬ್ಬಳ್ಳಿಯ ಗದಗ ರಸ್ತೆ ಕಡೆ ಪರಿಚಯದವರೊಬ್ಬರ ಹೊಲ ಇದೆ. ಅದರ ಅಂಚಿನ 3 ಗುಂಟೆ ಜಾಗವನ್ನು ಲಾವಣಿ (ಗುತ್ತಿಗೆ) ಹಿಡಿದು ನಾವು ಮನೆಗೆ ಬೇಕಾದ ಕಾಯಿಪಲ್ಲೆ ಬೆಳೆಯುತ್ತೇವೆ. ಈಗ ‘ನಾವು’ ಅಂತ ಧೈರ್ಯವಾಗಿ ಬರೆಯುತ್ತೇನೆ. ಮೊದಲ ವರ್ಷ ಅಲ್ಲಿ ಇದ್ದದ್ದು ನಾನೊಬ್ಬಳೇ.

ಆ ವರ್ಷ ಮಿರಗದ (ಮೃಗಶಿರಾ) ಮಳೆ ಬೀಳುತ್ತಲೇ ಬೀಜ ತಂದೆ. ಎಲ್ಲಿ ಬೆಂಡೆ, ಎಲ್ಲಿ ಚವಳಿ (ಗೋರಿಕಾಯಿ), ಎಲ್ಲಿ ಬದನೆ ಅಂತ ನೋಟ್‌ಬುಕ್ಕಿನಲ್ಲಿ ನಾನೇ ಗೆರೆ ಹಾಕಿದೆ. ಯಾರನ್ನೂ ಕೇಳಲಿಲ್ಲ. ಆಮೇಲೆ ಭಾನುವಾರ ಬೆಳಗ್ಗೆ ಎಲ್ಲರನ್ನೂ ಎಬ್ಬಿಸಿ "ನಡೀರಿ, ಕಸ ತೆಗಿಯೋದೈತಿ" ಅಂದೆ. ಎರಡು ಭಾನುವಾರ ಬಂದರು. ಮೂರನೆಯ ಭಾನುವಾರ ಯಜಮಾನರಿಗೆ ಆಫೀಸಿನ ಕೆಲಸ ಬಂತು, ಮಗನಿಗೆ ಟ್ಯೂಷನ್, ಮಗಳಿಗೆ ಹೊಟ್ಟೆನೋವು. ಮೈದುನ ಮೊದಲೇ ಕೈ ಎತ್ತಿದ್ದರು. ಶ್ರಾವಣ ಮುಗಿಯುವ ಹೊತ್ತಿಗೆ ಬೆಂಡೆ ಸಾಲುಗಳ ನಡುವೆ ಕಾಂಗ್ರೆಸ್ ಕಸ ಸೊಂಟದ ಮಟ್ಟ ಬೆಳೆದಿತ್ತು. ಬದುವಿನ ಮೇಲೆ ಕೂತು ಅತ್ತುಬಿಟ್ಟೆ.

ನಮ್ಮ ಮನೆಯವರಿಗೆ ಮೈಗಳ್ಳತನ ಅಂತ ಆಗ ನನಗೆ ಅನಿಸಿತ್ತು. ಅದು ಸುಳ್ಳು ಅಂತ ಗೊತ್ತಾಗಲು ಇನ್ನೊಂದು ವರ್ಷ ಹಿಡಿಯಿತು. ತಮ್ಮದಲ್ಲದ ಹೊಲದಲ್ಲಿ, ಇನ್ನೊಬ್ಬರು ಹೇಳಿದ ಹಾಗೆ, ಇನ್ನೊಬ್ಬರು ಸಾಕು ಅನ್ನುವ ತನಕ ದುಡಿಯಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ. ಆಳಿಗಾದರೆ ಕೂಲಿ ಇರುತ್ತದೆ, ಮನೆಯವರಿಗೆ ಅದೂ ಇಲ್ಲ. ಮುಂದಿನ ವರ್ಷದಿಂದ ನಾನು ಏನೇನು ಬದಲಾಯಿಸಿದೆ, ಯಾವುದು ಕೈಹಿಡಿಯಿತು ಅನ್ನುವುದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ. ನಿಮ್ಮದು ಹೊಲದ ಅಂಚಾಗಿರಲಿ, ಖಾಲಿ ಸೈಟ್ ಆಗಿರಲಿ, ಹಿತ್ತಲಾಗಿರಲಿ, ಇದೇ ದಾರಿ ನಡೆಯುತ್ತದೆ.

ಮೊದಲು ಒಬ್ಬೊಬ್ಬರನ್ನೇ ಕೇಳಿ

ಇದನ್ನು ಏಪ್ರಿಲ್-ಮೇ ತಿಂಗಳಲ್ಲೇ ಮಾಡಿ. ಹೊಲದಲ್ಲಿ ಇನ್ನೂ ಕೆಲಸ ಇರುವುದಿಲ್ಲ, ಹಾಗಾಗಿ ಕೇಳಿದರೆ ಯಾರೂ ಬೆದರುವುದಿಲ್ಲ. ಎಲ್ಲರನ್ನೂ ಕೂಡಿಸಿ ಪಂಚಾಯ್ತಿ ಮಾಡಬೇಡಿ. ಒಬ್ಬೊಬ್ಬರ ಜೊತೆ ಚಹಾ ಕುಡಿಯುತ್ತಾ ಒಂದೇ ಮಾತು ಕೇಳಿ: ಹೊಲಕ್ಕೆ ಬರಲು ಏನು ತೊಂದರೆ? ಕೇಳಿ ಸುಮ್ಮನಿರಿ. ಉತ್ತರಕ್ಕೆ ಎದುರು ಮಾತು ಆಡಬೇಡಿ.

ನಮ್ಮ ಮನೆಯಲ್ಲಿ ಐದು ಜನ ಐದು ಬೇರೆ ಕಾರಣ ಹೇಳಿದರು. ಅತ್ತೆಯವರಿಗೆ ಕುಕ್ಕರಗಾಲಲ್ಲಿ ಕೂತರೆ ಮೊಣಕಾಲು ಹಿಡಿಯುತ್ತದೆ. ಪಿಯುಸಿ ಓದುವ ಮಗನಿಗೆ ರಸ್ತೆ ಪಕ್ಕದಲ್ಲಿ ಕೊಡ ಹೊತ್ತು ನೀರು ಹಾಕುವುದನ್ನು ಗೆಳೆಯರು ನೋಡಿದರೆ ನಾಚಿಕೆ. 7ನೆಯ ತರಗತಿಯ ಮಗಳಿಗೆ ಕಂಬಳಿಹುಳ ಅಂದರೆ ನಿಜವಾಗಿ ಭಯ. ಯಜಮಾನರು ಹೇಳಿದ್ದು ನನಗೆ ನಾಟಿತು. "ಕೆಲಸಕ್ಕ ಬ್ಯಾಸರಿಲ್ಲ. ಎಷ್ಟೊತ್ತಿಗೆ ಮುಗಿತೈತಿ ಅಂತ ಗೊತ್ತಾಗಂಗಿಲ್ಲಲ್ಲ, ಅದಕ್ಕ ಬ್ಯಾಡ ಅನಸತೈತಿ."

ಮೈದುನ ಮೈ ಕಡಿತ ಅಂದರು. ಹೋದ ವರ್ಷವೂ ಅದನ್ನೇ ಹೇಳಿದ್ದರು, ನಾನು ನೆಪ ಅಂದುಕೊಂಡಿದ್ದೆ. ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ಎಷ್ಟೋ ಜನಕ್ಕೆ ಮೈ ಮೇಲೆ ಗಂಧೆ ಎಬ್ಬಿಸುತ್ತದೆ. ಅದರ ಹೂವಿನ ಧೂಳಿಗೆ ಕೆಲವರಿಗೆ ಸೀನು, ಉಬ್ಬಸವೂ ಬರುತ್ತದೆ. ಅಂಥವರನ್ನು ಆ ಕಸ ಕೀಳಲು ಕಳಿಸಲೇಬಾರದು. ಉಳಿದವರೂ ಕೈಗೆ ಗ್ಲೌಸ್, ತುಂಬುತೋಳಿನ ಅಂಗಿ ಹಾಕಿಕೊಂಡೇ ಕೀಳಬೇಕು. ಹೂ ಬಿಡುವ ಮೊದಲೇ, ಮಣ್ಣು ಹಸಿ ಇದ್ದಾಗ, ಬೇರು ಸಮೇತ ಬರುವ ಹಾಗೆ ಕೀಳಬೇಕು. ಹೂ ಬಿಟ್ಟು ಬೀಜ ಉದುರಿದರೆ ಮುಂದಿನ ವರ್ಷದ ಕೆಲಸ ಈ ವರ್ಷವೇ ಬಿತ್ತಿದಂತೆ.

ಕಾರಣ ಗೊತ್ತಾದರೆ ಅರ್ಧ ದಾರಿ ಸವೆದ ಹಾಗೆ. ಐದು ಜನರಲ್ಲಿ ಒಬ್ಬರೂ "ನನಗೆ ಕಾಯಿಪಲ್ಲೆ ಬೆಳೆಯೋದು ಇಷ್ಟ ಇಲ್ಲ" ಅಂದಿರಲಿಲ್ಲ.

ಜಾಗ ಕಡಿಮೆ ಮಾಡಿ

ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. 3 ಗುಂಟೆ ಅಂದರೆ 3,267 ಚದರ ಅಡಿ. ಕೆಲಸಕ್ಕೆ ಹೋಗುವ ಮಂದಿ, ಓದುವ ಮಕ್ಕಳು ಇರುವ ಮನೆಗೆ ಶುರುವಿಗೇ ಅಷ್ಟು ಜಾಗ ಜಾಸ್ತಿಯಾಯಿತು. ಕೆಲಸ ಎಂದೂ ಮುಗಿಯುವುದಿಲ್ಲ ಅನಿಸುವ ಜಾಗಕ್ಕೆ ಯಾರೂ ಎರಡನೆಯ ಸಲ ಬರುವುದಿಲ್ಲ.

ಎರಡನೆಯ ವರ್ಷ ಬರೀ 10 ಮಡಿ ಮಾಡಿದೆವು. ಒಂದೊಂದು ಮಡಿ 4 ಅಡಿ ಅಗಲ, 10 ಅಡಿ ಉದ್ದ, ನಡುವೆ ಒಂದೂವರೆ ಅಡಿ ಕಾಲುದಾರಿ. ಐದೈದು ಮಡಿಯ ಎರಡು ಸಾಲು. ಎಲ್ಲ ಸೇರಿ ಸುಮಾರು ಅರ್ಧ ಗುಂಟೆ. ಅಗಲ 4 ಅಡಿಗಿಂತ ಜಾಸ್ತಿ ಬೇಡ, ಎರಡೂ ಕಡೆಯಿಂದ ಮಡಿಯ ನಡುವಿನ ತನಕ ಕೈ ಎಟಕಬೇಕು. ಆಗ ಮಡಿಯೊಳಗೆ ಕಾಲಿಡುವ ಪ್ರಸಂಗವೇ ಬರುವುದಿಲ್ಲ, ಮಣ್ಣು ತುಳಿದು ಗಟ್ಟಿಯಾಗುವುದಿಲ್ಲ. ನಮ್ಮದು ಎರೆ ಮಣ್ಣು. ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಅದಕ್ಕೆ ಮಡಿಯನ್ನು ಅರ್ಧ ಅಡಿ ಏರಿಸಿಕೊಂಡೆವು. ಧಾರವಾಡ ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಕಲಘಟಗಿ ಕಡೆಗೆ ಕೆಂಪು ಮಣ್ಣು ಇರುವವರಿಗೆ ಇಷ್ಟು ಏರಿಸುವುದು ಬೇಕಿಲ್ಲ.

ಕಾಲುದಾರಿಗೆ ಜೋಳದ ಕಣಿಕೆ, ಶೇಂಗಾ ಹೊಟ್ಟು ದಪ್ಪಗೆ ಹಾಸಿದೆವು. ಕಸ ಅರ್ಧಕ್ಕರ್ಧ ಇಳಿಯಿತು. ಉಳಿದ ಎರಡೂವರೆ ಗುಂಟೆಗೆ ಸೆಣಬು ಚೆಲ್ಲಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಮಗುಚಿಸಿದೆವು. ಹಸಿರೆಲೆ ಗೊಬ್ಬರವೂ ಆಯಿತು, ಖಾಲಿ ಜಾಗದಲ್ಲಿ ಕಸ ಎದ್ದು ಎಲ್ಲರ ಎದೆ ಒಡೆಯುವುದೂ ತಪ್ಪಿತು.

ತಟ್ಟೆಯಿಂದ ಶುರು ಮಾಡಿ

ಯಾವ ಪಲ್ಲೆ ಮಾಡಿದರೆ ಎರಡು ರೊಟ್ಟಿ ಜಾಸ್ತಿ ತಿನ್ನುತ್ತೀರಿ ಅಂತ ಒಬ್ಬೊಬ್ಬರನ್ನೂ ಕೇಳಿ. ಅವರು ಹೇಳಿದ್ದನ್ನೇ ಅವರಿಗೆ ಬಿಡಿ. ಯಜಮಾನರು ಚವಳಿಕಾಯಿ ಅಂದರು. ಅತ್ತೆಯವರು ಹೀರೆಕಾಯಿ, ಪುಂಡಿಪಲ್ಲೆ. ಮಗ ಬೆಂಡೆಕಾಯಿ. ಮಗಳು ಮೂಲಂಗಿ ಮತ್ತು ಚೆಂಡು ಹೂ ಅಂದಳು. ಹೂವು ತಿನ್ನುವುದಲ್ಲವಲ್ಲ ಅಂತ ನಾನು ತಕರಾರು ತೆಗೆಯಲಿಲ್ಲ, ತೆಗೆಯಬಾರದು.

ಆದರೆ ಮನೆಯಲ್ಲಿ ಯಾರಿಗೆ ತಾಳ್ಮೆ ಕಡಿಮೆಯೋ ಅವರ ಮೊದಲ ಬೆಳೆ ಬೇಗ ಕೈಗೆ ಬರುವಂತೆ ನೋಡಿಕೊಳ್ಳಿ. ಇದು ಬಹಳ ಮುಖ್ಯ. ಬದನೆ, ಟೊಮೆಟೊ ಅಗಿ (ಸಸಿ) ಹಚ್ಚಿದ ಮೇಲೆ ಕಾಯಿ ಕೈಗೆ ಬರಲು ಎರಡು ತಿಂಗಳ ಮೇಲೆಯೇ ಬೇಕು. ಒಲ್ಲದ ಮನಸ್ಸಿನವರು ಅಷ್ಟು ದಿನ ಕಾಯುವುದಿಲ್ಲ. ಮೆಂತೆ ಪಲ್ಲೆ 25ರಿಂದ 30 ದಿನಕ್ಕೆ ಕೊಯ್ಯಲು ಬರುತ್ತದೆ. ಅದಕ್ಕೆ ಬೀಜದ ಅಂಗಡಿಗೂ ಹೋಗಬೇಕಿಲ್ಲ, ಅಡುಗೆಮನೆ ಡಬ್ಬಿಯ ಮೆಂತೆಕಾಳನ್ನು ರಾತ್ರಿ ನೆನೆಸಿ ಚೆಲ್ಲಿದರೆ ಮೂರು-ನಾಲ್ಕು ದಿನಕ್ಕೆ ಮೊಳಕೆ ಮೇಲೆ ಬರುತ್ತದೆ. ರಾಜಗಿರಿಯೂ ತಿಂಗಳೊಳಗೆ ಕೊಯ್ಲಿಗೆ ಸಿಗುತ್ತದೆ. ಮೂಲಂಗಿ 40-45 ದಿನ. ಬೆಂಡೆ 45-50 ದಿನಕ್ಕೆ ಮೊದಲ ಕಾಯಿ ಕೊಡುತ್ತದೆ, ಆಮೇಲೆ ದಿನ ಬಿಟ್ಟು ದಿನ ಕೊಯ್ಯಲೇಬೇಕು. ಬಿಟ್ಟರೆ ಬಲಿತು ನಾರಾಗುತ್ತದೆ. ಬೆಂಡೆಯ ಈ ಹಠಮಾರಿತನವೇ ನಮಗೆ ಉಪಕಾರವಾಯಿತು, ಮಗನಿಗೆ ದಿನ ಬಿಟ್ಟು ದಿನ ಹೋಗಿ ನೋಡುವ ರೂಢಿ ಬಿತ್ತು. ಕೊತ್ತಂಬರಿಯನ್ನು ಮಾತ್ರ ಮೊದಲ ಸಲದವರಿಗೆ ಕೊಡಬೇಡಿ. ಬೀಜವನ್ನು ತಿಕ್ಕಿ ಎರಡು ಹೋಳು ಮಾಡಿ ಹಾಕಬೇಕು. ಹಾಕಿದರೂ ಮೊಳಕೆ ಕಾಣಲು ವಾರದ ಮೇಲೆ ಕಾಯಬೇಕು, ಅಷ್ಟರಲ್ಲಿ ಅವರು ಕೈಚೆಲ್ಲಿರುತ್ತಾರೆ.

ಬೆಂಡೆಗೆ ಬೀಜ ಆರಿಸುವಾಗ ಒಂದು ಮಾತು. ನಮ್ಮ ಕಡೆ ಅದಕ್ಕೆ ಹಳದಿ ನರದ ರೋಗ ಬರುತ್ತದೆ, ಬಿಳಿ ನೊಣ ಅದನ್ನು ಹರಡುತ್ತದೆ. ಮೊದಲ ಬೆಳೆಯೇ ಹೀಗೆ ಹಾಳಾದರೆ ಬೆಳೆದವರ ಮನಸ್ಸು ಮುರಿಯುತ್ತದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಆ ರೋಗವನ್ನು ತಡೆಯುವ ಶಕ್ತಿಗಾಗಿಯೇ ಹೆಸರಾದದ್ದು. ನಾವು ಅದನ್ನೇ ಹಾಕುತ್ತೇವೆ.

ಮಡಿ ಕೊಟ್ಟ ಮೇಲೆ ಕೈ ತೆಗೆಯಿರಿ

ಇಡೀ ಲೇಖನದಲ್ಲಿ ನಾನು ಹೇಳಬೇಕಾದದ್ದು ಹೆಚ್ಚಿನದು ಇಲ್ಲೇ ಇದೆ. ಒಬ್ಬೊಬ್ಬರಿಗೆ ಎರಡೆರಡು ಮಡಿ ಪೂರ್ತಿ ಬಿಟ್ಟುಕೊಡಿ. ಏನು ಹಾಕಬೇಕು, ಯಾವಾಗ ಹಾಕಬೇಕು, ಎಷ್ಟು ಹತ್ತಿರ ಹಾಕಬೇಕು, ಯಾವಾಗ ಕೊಯ್ಯಬೇಕು, ಎಲ್ಲ ಅವರದೇ. ಕೇಳಿದರೆ ಹೇಳಿ. ಕೇಳದಿದ್ದರೆ ಸುಮ್ಮನಿರಿ. ತೋಟ ಗೊತ್ತಿರುವವರಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ನಾನು ಇದರಲ್ಲಿ ಎಡವಿದ್ದನ್ನು ಹೇಳುತ್ತೇನೆ. ಮಗಳು ತನ್ನ ಮೂಲಂಗಿ ಮಡಿಯ ಅಂಚಿಗೆ ಚೆಂಡು ಹೂವಿನ ಬೀಜ ಹಾಕಿದ್ದಳು, ದಸರೆಗೆ ಹೂ ಬರಬೇಕು ಅಂತ. ಒಂದು ಬುಧವಾರ ಸಂಜೆ ನಾನೊಬ್ಬಳೇ ಹೋಗಿದ್ದೆ. ಮಡಿಯ ಅಂಚಿಗೆ ಸೀಳು ಸೀಳು ಎಲೆಯ ಸಣ್ಣ ಸಸಿಗಳು ಕಂಡವು. ಕಾಂಗ್ರೆಸ್ ಕಸ ಅಂದುಕೊಂಡು ಬಗ್ಗಿ ಕೀಳುತ್ತಾ ಹೋದೆ. ಏಳೋ ಎಂಟೋ ಕಿತ್ತಿರಬೇಕು, ಬೆವರು ಒರೆಸಲು ಕೈ ಮುಖದ ಹತ್ತಿರ ತಂದಾಗ ಬೆರಳಿನಿಂದ ಚೆಂಡು ಹೂವಿನ ಘಾಟು ವಾಸನೆ ಬಂತು. ಕೈಕಾಲು ತಣ್ಣಗಾದವು. ಅಲ್ಲೇ ಮತ್ತೆ ನೆಟ್ಟು ನೀರು ಹಾಕಿದೆ, ಮರುದಿನಕ್ಕೆ ಎರಡು ಬಿಟ್ಟು ಎಲ್ಲವೂ ಜೋತುಬಿದ್ದಿದ್ದವು.

ರಾತ್ರಿ ಹೇಳಿದಾಗ ಅವಳು ಜಗಳ ಮಾಡಲಿಲ್ಲ. "ಅದು ನನ್ನ ಮಡಿ ಅಂತ ನೀನ ಹೇಳಿದ್ದಿ. ಮತ್ತ ಯಾಕ ಕೈ ಹಚ್ಚಿದಿ ಅವ್ವಾ?" ಅಂದಳು ಅಷ್ಟೇ. ಮೂರು ವಾರ ಹೊಲದ ಕಡೆ ಬರಲಿಲ್ಲ. ನಾನು ಕರೆಯಲೂ ಇಲ್ಲ. ಅವಳ ಮೂಲಂಗಿಗೆ ನೀರು ಮಾತ್ರ ಹಾಕುತ್ತಿದ್ದೆ, ಹಾಕಿದ ದಿನ ಅವಳಿಗೆ ಹೇಳುತ್ತಿದ್ದೆ. ಮೂಲಂಗಿ ಕೀಳುವ ದಿನ ಬಂದಾಗ "ನಿಂದು ಕೀಳಲಿಕ್ಕೆ ಬಂದೈತಿ, ಯಾವಾಗ ಕೀಳ್ತಿ?" ಅಂತ ಕೇಳಿದೆ. ಆವತ್ತು ಬಂದಳು.

ಆಮೇಲೆ ನಾವು ಒಂದು ಕಟ್ಟುಪಾಡು ಮಾಡಿಕೊಂಡೆವು. ಪ್ರತಿ ಮಡಿಯ ತುದಿಗೆ ಒಂದು ಕೋಲು, ಅದಕ್ಕೆ ಅವರವರ ಬಣ್ಣದ ಹಳೆ ಬಟ್ಟೆಯ ತುಂಡು. ಅತ್ತೆಯವರದು ಹಸಿರು ಇಳಕಲ್ ಸೀರೆಯ ಅಂಚು. ಬಟ್ಟೆಯವರನ್ನು ಕೇಳದೆ ಆ ಮಡಿಯಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಕೀಳುವಂತಿಲ್ಲ. ನಿಮ್ಮ ಮನೆಯಲ್ಲೂ ಇದನ್ನು ಮೊದಲ ದಿನವೇ ಮಾಡಿ, ನನ್ನ ಹಾಗೆ ಸಸಿ ಕಿತ್ತ ಮೇಲೆ ಬೇಡ.

ಅವರು ತಪ್ಪು ಮಾಡುತ್ತಾರೆ. ಮಾಡಲಿ. ಯಜಮಾನರು ಚವಳಿ ಬೀಜವನ್ನು ಮುಷ್ಟಿಗಟ್ಟಲೆ ಚೆಲ್ಲಿದರು. ಸಾಲಿಗೆ ಸಾಲು ಒಂದೂವರೆ ಅಡಿ, ಗಿಡಕ್ಕೆ ಗಿಡ ಒಂದು ಗೇಣು ಬಿಟ್ಟರೆ ಚೆನ್ನ ಅಂತ ನನಗೆ ಗೊತ್ತಿತ್ತು. ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಗಿಡ ಒತ್ತಾಗಿ ಸೊರಗಿದವು, ಕಾಯಿ ಕಡಿಮೆ ಬಂತು. ಮುಂದಿನ ಸಲ ಅವರೇ ಹಗ್ಗ ಹಿಡಿದು ಗೇಣು ಹಾಕಿ ಊರಿದರು. ನಾನು ಹೇಳಿದ್ದರೆ ಹಗ್ಗ ನಾನೇ ಹಿಡಿಯಬೇಕಾಗುತ್ತಿತ್ತು.

ಎರಡೇ ವಿಷಯಕ್ಕೆ ಮಾತ್ರ ಎಲ್ಲರ ಮಡಿಗೂ ಒಂದೇ ನಿಯಮ ಇಟ್ಟಿದ್ದೇವೆ. ಹಳದಿ ನರ ಬಂದ ಬೆಂಡೆ ಗಿಡವನ್ನು ಕಂಡ ದಿನವೇ ಕಿತ್ತು ಹೊರಗೆ ಹಾಕಬೇಕು, ಯಾಕಂದರೆ ಅದು ಉಳಿದವರ ಗಿಡಕ್ಕೂ ಹರಡುತ್ತದೆ. ಮತ್ತೆ, ಯಾರೂ ಕೇಳದೆ ಔಷಧ ಹೊಡೆಯುವಂತಿಲ್ಲ. ಹುಳ ಕಂಡರೆ 50 ಗ್ರಾಂ ಬೇವಿನ ಬೀಜ ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಸಂಜೆ ಹೊತ್ತು ಸಿಂಪಡಿಸುತ್ತೇವೆ. ಕಂಬಳಿಹುಳ ಆರಿಸುವ ಕೆಲಸ ನನ್ನದು, ಮಗಳ ಮಡಿಯಲ್ಲೂ. ಅದು ಅವಳೇ ಕೊಟ್ಟ ಅಪ್ಪಣೆ.

ಹೊತ್ತು ಗೊತ್ತು ಮಾಡಿ

ಯಜಮಾನರ ಮಾತು ನೆನಪಿದೆಯಲ್ಲ. ಯಾವಾಗ ಮುಗಿಯುತ್ತದೆ ಅಂತ ಮೊದಲೇ ಹೇಳಿ. ನಮ್ಮದು ಭಾನುವಾರ ಬೆಳಗ್ಗೆ 45 ನಿಮಿಷ. ಫೋನಿನಲ್ಲಿ ಅಲಾರಂ ಇಡುತ್ತೇವೆ. ಅಲಾರಂ ಹೊಡೆದಾಗ ಅರ್ಧ ಸಾಲು ಉಳಿದಿದ್ದರೂ ಕಸ ತೆಗೆಯುವ ಕುರ್ಚಿಗಿಯನ್ನು ಕೆಳಗಿಡಬೇಕು. "ಇನ್ನ ಇಷ್ಟ ಐತಿ, ಮುಗಿಸಿಬಿಡೂಣು" ಅಂತ ಒಮ್ಮೆ ಅಂದರೂ ಸಾಕು, ಮುಂದಿನ ವಾರದ ನಂಬಿಕೆ ಹೋಯಿತು. ಇನ್ನೂ ಮಾಡಬೇಕು ಅನಿಸಿದವರು ತಾವಾಗಿ ಉಳಿಯುತ್ತಾರೆ.

ಜೋರು ಮಳೆಯಾದ ಮರುದಿನ ಎರೆ ಹೊಲಕ್ಕೆ ಯಾರನ್ನೂ ಕರೆಯಬೇಡಿ. ಒಂದೊಂದು ಚಪ್ಪಲಿಗೆ ಕಿಲೋ ಮಣ್ಣು ಮೆತ್ತಿಕೊಂಡು ನಡೆಯುವುದು ನಮಗೇ ಸಾಕಾಗುತ್ತದೆ, ಮನಸ್ಸಿಲ್ಲದವರ ಪಾಡು ಕೇಳಬೇಡಿ. ಹಸಿ ಎರೆಯನ್ನು ತುಳಿದರೆ ಒಣಗಿದ ಮೇಲೆ ಕಲ್ಲಾಗುತ್ತದೆ, ಅದೂ ನಷ್ಟವೇ. ಆ ದಿನ ಮನೆಯಲ್ಲೇ ಬೀಜ ಆರಿಸುವುದು, ಹೀರೆ ಬಳ್ಳಿಗೆ ಹಗ್ಗ ಹೆಣೆಯುವುದು ಇರುತ್ತದೆ.

ಮತ್ತೆ, ಬರಿಗೈಲಿ ಹೋಗಬೇಡಿ. ನಾವು ಥರ್ಮಾಸಿನಲ್ಲಿ ಚಹಾ, ಒಂದು ಡಬ್ಬಿ ಚುರುಮುರಿ, ಇನ್ನೊಂದರಲ್ಲಿ ಗಿರ್ಮಿಟ್ ಒಗ್ಗರಣೆ ಒಯ್ಯುತ್ತೇವೆ. ಅಲಾರಂ ಹೊಡೆದ ಮೇಲೆ ಬೇವಿನ ಮರದ ಕೆಳಗೆ ಕಲಸಿ, ಮೇಲೆ ಅಲ್ಲೇ ಕೊಯ್ದ ಉಳ್ಳಾಗಡ್ಡಿ ತಪ್ಪಲು ಹೆಚ್ಚಿ ಹಾಕುತ್ತೇವೆ. ಮಗನ ಇಬ್ಬರು ಗೆಳೆಯರು ಈ ಗಿರ್ಮಿಟ್‌ಗೇ ಬರಲು ಶುರು ಮಾಡಿದರು. ಗೆಳೆಯರೇ ಬಂದ ಮೇಲೆ ಅವನ ನಾಚಿಕೆ ಎಲ್ಲಿ ಉಳಿಯಿತು?

ವಯಸ್ಸಾದವರಿಗೆ

ಇವರಿಗೆ ಸಣ್ಣಪುಟ್ಟ ಕೆಲಸ ಕೊಟ್ಟು ಕೂಡಿಸಬೇಡಿ. ತಿಳುವಳಿಕೆಯ ಕೆಲಸ ಕೊಡಿ. ನಮ್ಮ ಅತ್ತೆಯವರು ಅಗಿ ಮಾಡುವ ಜವಾಬ್ದಾರಿ ತೆಗೆದುಕೊಂಡಿದ್ದಾರೆ. ಮನೆಯ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತು, ಮುಂದೆ ಟೀಪಾಯಿ ಮೇಲೆ ಟ್ರೇ ಇಟ್ಟುಕೊಂಡು ಬದನೆ, ಮೆಣಸಿನಕಾಯಿ, ಟೊಮೆಟೊ ಅಗಿ ಬೆಳೆಸುತ್ತಾರೆ. ಮೊಣಕಾಲಿಗೆ ಏನೂ ತ್ರಾಸಿಲ್ಲ.

ಬೀಜ ಇಡುವುದೂ ಅವರದೇ. ಬಳ್ಳಿಯಲ್ಲಿ ಚೆಂದದ ಒಂದು ಹೀರೆಕಾಯಿ ಆರಿಸಿ ಕೊಯ್ಯದೆ ಬಿಡುತ್ತಾರೆ. ಅದು ಒಣಗಿ ಕಂದಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಬೀಜ ಗಲಗಲ ಅಂದರೆ ಮಾತ್ರ ಕೊಯ್ಯುತ್ತಾರೆ. ತುದಿ ಮುರಿದು ಬೀಜ ಉದುರಿಸಿ, ಬೂದಿಯಲ್ಲಿ ಹೊರಳಿಸಿ, ಡಬ್ಬಿಯಲ್ಲಿ ಕಟ್ಟಿಡುತ್ತಾರೆ. ಉಳಿದ ನಾರು ಸ್ನಾನಕ್ಕೆ. ನಾನು ಪೇಟೆಯಿಂದ ಹೀರೆ ಬೀಜ ತಂದು ಮೂರು ವರ್ಷವಾಯಿತು.

ಬಿತ್ತುವ ಮೊದಲು ಅವರನ್ನು ಕೇಳಿ. ಯಾವ ಮಳೆಗೆ ಯಾವುದು ಅಂತ ಹಿರಿಯರಿಗೆ ಬಾಯಿಪಾಠ ಇರುತ್ತದೆ. ಕೇಳಿದ್ದನ್ನು ಪಾಲಿಸಿ ಕೂಡ. ಸುಮ್ನೆ ಮರ್ಯಾದೆಗೆ ಕೇಳಿದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಹರೆಯದ ಮಕ್ಕಳಿಗೆ

ಇವರಿಗೆ ತಲೆ ಓಡಿಸುವ ಕೆಲಸ ಬೇಕು. ನಮ್ಮ ಹೊಲದ ಬೋರಿಗೆ ಕರೆಂಟ್ ಇದ್ದಾಗ ಮಾತ್ರ ನೀರು. ಕೊಡದಲ್ಲಿ ಹೊರುವುದು ಮಗನಿಗೆ ಆಗದ ಮಾತು. "ಹೊರೂದು ಬ್ಯಾಡ, ಹೊರಲಾರದಂಗ ನೀರು ಹಾಕೂದು ಹ್ಯಾಂಗಂತ ನೀನ ನೋಡು" ಅಂದೆ. ಖರ್ಚಿಗೆ ಒಂದಿಷ್ಟು ದುಡ್ಡು ಕೊಟ್ಟೆ.

ಅವನೇ ಲೆಕ್ಕ ಹಾಕಿದ. 40 ಚದರ ಅಡಿಯ ಮಡಿಗೆ ಒಂದು ಸಲಕ್ಕೆ ಸುಮಾರು 20 ಲೀಟರ್, 10 ಮಡಿಗೆ 200 ಲೀಟರ್. ಒಂದು 200 ಲೀಟರಿನ ಡ್ರಮ್ ತಂದು, ನಾಲ್ಕು ಅಡಿ ಎತ್ತರ ಕಲ್ಲು ಕಟ್ಟಿ ಮೇಲಿಟ್ಟ. ಬುಡಕ್ಕೆ ನಳ, ಅದಕ್ಕೊಂದು ಜಾಲರಿ, ಅಲ್ಲಿಂದ ಮಡಿಗಳಿಗೆ ಹನಿ ನೀರಾವರಿಯ 16 ಮಿಲಿಮೀಟರ್ ಪೈಪು. ಎತ್ತರದಿಂದ ಇಳಿಯುವ ನೀರಿನ ಒತ್ತಡಕ್ಕೇ ಹನಿ ಬೀಳುತ್ತದೆ, ಮೋಟರ್ ಬೇಡ. ಮೊದಲ ವಾರ ಕೊನೆಯ ಎರಡು ಮಡಿಗೆ ನೀರು ಮುಟ್ಟಲಿಲ್ಲ. ಪೈಪು ಎಲ್ಲಿ ಏರಿದೆ ಅಂತ ಹುಡುಕಿ ಮಟ್ಟ ಮಾಡಿದ. ಕಸ ತೆಗೆಯಲು ಅವನು ಇವತ್ತಿಗೂ ಒಲ್ಲೆ ಅನ್ನುತ್ತಾನೆ. ತೆಗೆಯದಿದ್ದರೂ ನಡೆಯುತ್ತದೆ, ಹೊಲದ ನೀರು ಅವನ ಹೆಸರಿನಲ್ಲಿದೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ಹುಬ್ಬಳ್ಳಿಯವರಿಗೆ ಧಾರವಾಡದ ತನಕ ಚಿಗರಿ (ಬಿಆರ್‌ಟಿಎಸ್) ಬಸ್ಸಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಅವರಿಗೆ ಬೇಕಾದ ಮಳಿಗೆ ಮುಂದೆ ಎಷ್ಟು ಹೊತ್ತಾದರೂ ನಿಲ್ಲಲು ಬಿಡಿ.

ಕರೆಯುವ ಮಾತು, ಊಟದ ಮಾತು

"ಬಾ, ಕೆಲಸ ಐತಿ" ಅಂತ ಕರೆದರೆ ಕೆಲಸಕ್ಕೆ ತುದಿಮೊದಲು ಇರುವುದಿಲ್ಲ. "ಈ ಎರಡು ಸಾಲು ಬದನಿಗೆ ಮಣ್ಣು ಏರಿಸಿ ಕೊಡ್ರಿ, ಮುಗೀತು" ಅನ್ನಿ. "ನಾನೊಬ್ಬಾಕಿನ ಎಷ್ಟಂತ ಮಾಡ್ಲಿ" ಅನ್ನುವ ಮಾತನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಅದು ನಿಜವೇ ಇರಬಹುದು, ಆದರೆ ಕೇಳಿದವರಿಗೆ ತಪ್ಪಿತಸ್ಥರ ಹಾಗೆ ಅನಿಸುತ್ತದೆ. ಹಾಗೆ ಅನಿಸಿದ ಜಾಗಕ್ಕೆ ಮನುಷ್ಯ ಹೋಗುವುದಿಲ್ಲ.

ಊಟಕ್ಕೆ ಬಡಿಸುವಾಗ ಪಲ್ಲೆ ಯಾರದು ಅಂತ ಹೇಳಿ ಬಡಿಸಿ. "ಇವತ್ತಿನ ಚವಳಿಕಾಯಿ ನಿಮ್ಮದ ರೀ." ಅಷ್ಟು ಸಾಕು. ಜಾಸ್ತಿ ಬಂದದ್ದನ್ನು ಓಣಿಯವರಿಗೆ ಕೊಡುವುದಿದ್ದರೆ ಬೆಳೆದವರ ಕೈಯಿಂದಲೇ ಕೊಡಿಸಿ. ಯಜಮಾನರು ಆಫೀಸಿಗೆ ಒಂದು ಚೀಲ ಚವಳಿ ಒಯ್ದ ದಿನ ಸಂಜೆ, ನಾನು ಹೇಳುವ ಮೊದಲೇ ಹೊಲಕ್ಕೆ ಗಾಡಿ ತಿರುಗಿಸಿದ್ದರು.

ಆದರೂ ಬಾರದಿದ್ದರೆ

ಒಬ್ಬರಾದರೂ ಬಾರದವರು ಇರುತ್ತಾರೆ. ಅವರನ್ನು ಬಿಟ್ಟುಬಿಡಿ. ಹೊಲದ ಹೊರಗಿನ ಕೆಲಸ ಏನಾದರೂ ಇದ್ದರೆ ಕೇಳಿ ನೋಡಿ. ತಿಪ್ಪೆ ಗೊಬ್ಬರದ ಟ್ರ್ಯಾಕ್ಟರ್ ಮಾತಾಡುವುದು, ಬೀಜ ತರುವುದು, ಲಾವಣಿ ಹಣ ಮುಟ್ಟಿಸುವುದು. ನಮ್ಮ ಮೈದುನ ಇವನ್ನೆಲ್ಲ ಸಂತೋಷದಿಂದ ಮಾಡುತ್ತಾರೆ. ಅವರ ತಟ್ಟೆಗೂ ನಮ್ಮಷ್ಟೇ ಪಲ್ಲೆ ಬೀಳುತ್ತದೆ. ದುಡಿಯದವರಿಗೆ ಪಲ್ಲೆ ಇಲ್ಲ ಅಂತ ತಮಾಷೆಗೂ ಅನ್ನಬೇಡಿ.

ಕೈ ಕಡಿಮೆ ಬಿದ್ದರೆ ನಮ್ಮ ಕಡೆ ಹಳೆಯ ದಾರಿ ಒಂದಿದೆ, ಮುಯ್ಯಾಳು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಓಣಿಯಲ್ಲಿ ಹಿತ್ತಲು ಮಾಡುವ ಇನ್ನೊಂದು ಮನೆ ಇದ್ದರೆ ತಿಂಗಳಿಗೊಮ್ಮೆ ಹೀಗೆ ಮಾಡಿಕೊಳ್ಳಿ. ಪರರ ಮುಂದೆ ಮನೆಯವರೂ ಹುರುಪಿನಿಂದ ದುಡಿಯುತ್ತಾರೆ.

ಎಳ್ಳ ಅಮಾವಾಸ್ಯೆಗೆ ಎಲ್ಲರನ್ನೂ ಕರೆಯಿರಿ

ಡಿಸೆಂಬರ್-ಜನವರಿಯಲ್ಲಿ ಬರುವ ಈ ಹಬ್ಬದ ದಿನ ಕೆಲಸ ಇಲ್ಲ, ಬರೀ ಊಟ. ಚರಗ, ಅಂದರೆ ಭೂಮಿತಾಯಿಗೆ ಒಯ್ದ ಎಡೆ, ಚೆಲ್ಲಲು ದೊಡ್ಡ ಹೊಲವೇ ಬೇಕು ಅಂತಿಲ್ಲ, 10 ಮಡಿಗೂ ಚೆಲ್ಲಬಹುದು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಲೆ, ಅಗಸಿ ಹಿಂಡಿ ಕಟ್ಟಿಕೊಂಡು ಹೋಗಿ. ಐದು ಕಲ್ಲು ಇಟ್ಟು ಪೂಜೆ ಮಾಡಿ, ಮುಂದೆ ಒಬ್ಬರು ಚರಗ ಚೆಲ್ಲುತ್ತಾ ಹೋದರೆ ಹಿಂದೆ ಒಬ್ಬರು ನೀರು ಚಿಮುಕಿಸುತ್ತಾ ಹೋಗುತ್ತಾರೆ. ವರ್ಷವಿಡೀ ಬಾರದವರೂ ಈ ದಿನ ಇಲ್ಲ ಅನ್ನುವುದಿಲ್ಲ.

ಆ ದಿನ ಮಡಿಗಳು ತುಂಬಿರಬೇಕು ಅಂದರೆ ಲೆಕ್ಕ ಹಿಂದಿನಿಂದ ಹಾಕಿ. ಮೆಂತೆ ಹಬ್ಬಕ್ಕೆ ನಾಲ್ಕು ವಾರ ಮೊದಲು, ಮೂಲಂಗಿ ಆರೂವರೆ ವಾರ ಮೊದಲು, ಬದನೆ ಅಗಿ ಹಚ್ಚುವುದು ಸೆಪ್ಟೆಂಬರ್ ಕೊನೆಗೆ. ಕಾಂಗ್ರೆಸ್ ಕಸವನ್ನು ಹಿಂದಿನ ವಾರವೇ ಕಿತ್ತು ದೂರ ಹಾಕಿ, ಮೈ ಕಡಿತದವರೂ ಬಂದು ನಿರಾಳವಾಗಿ ಕೂರಬೇಕು.

ಹೋದ ಸಲ ಊಟ ಆದ ಮೇಲೆ ಮೈದುನ ಮಡಿಗಳ ನಡುವೆ ಅಡ್ಡಾಡಿ ಬಂದು "ವೈನಿ, ಹಕ್ಕರಕಿ ಎಲ್ಲಿ ಹಚ್ಚೀರಿ?" ಅಂತ ಕೇಳಿದರು. ರೊಟ್ಟಿ ಜೊತೆ ಹಸಿಯಾಗಿ ತಿನ್ನುವ ಆ ಸೊಪ್ಪನ್ನು ನಾವು ಹಚ್ಚಿರಲಿಲ್ಲ. ಸಂಕ್ರಾಂತಿ ಆದ ಮೇಲೆ ಬೇಸಿಗೆಯ ಬೆಳೆಗೆ ಮಡಿ ಹಂಚುವುದಿರುತ್ತದೆ. ಹಾಗಾಗಿ ನೋಟ್‌ಬುಕ್ ಮತ್ತು ಪೆನ್ನು ಆ ದಿನ ಬುತ್ತಿಯ ಜೊತೆಗೇ ಇಟ್ಟುಕೊಂಡಿರಿ. ಯಾರು ಯಾವ ಮಡಿ ಕೇಳುತ್ತಾರೋ ಅಲ್ಲೇ ಬರೆದುಕೊಳ್ಳಿ, ಕೋಲಿಗೆ ಕಟ್ಟಲು ಬಟ್ಟೆಯ ಬಣ್ಣವನ್ನೂ ಕೇಳಿಕೊಳ್ಳಿ. ಮೈದುನ ನೀಲಿ ಅಂದಿದ್ದಾರೆ.